ಹಳೆಯ ಟರ್ಬೊ ಕಾರು ಕೊಳ್ಳಲು ಬೆಂಗಳೂರಿಗೆ ಹೊರಟಿರುವವರು ಇದನ್ನು ಓದಿಕೊಂಡು ಹೋಗಿ

ಐದಾರು ಲಕ್ಷ ರೂಪಾಯಿಗೆ ಸಿಗುವ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಮೇಲೆ ಕಣ್ಣಿಟ್ಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಚಿಕ್ಕಬಳ್ಳಾಪುರದಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ಕಡೆಗಳಲ್ಲಿ ಇಂಥ ಕಾರುಗಳು ಈಗ ಆಗಾಗ ಕಣ್ಣಿಗೆ ಬೀಳುತ್ತವೆ. ಹೆಚ್ಚಿನವು ಬರುವುದು ಬೆಂಗಳೂರಿನಿಂದ. ನಾನು ತಂದದ್ದೂ ಅಲ್ಲಿಂದಲೇ. ಕಾಗದಪತ್ರ ಸರಿಯಾಗಿತ್ತು. ಅಪಘಾತದ ಗುರುತಿರಲಿಲ್ಲ, ಬಣ್ಣ ಎಲ್ಲೂ ಮತ್ತೆ ಹೊಡೆದದ್ದಲ್ಲ. ಸರ್ವಿಸ್ ದಾಖಲೆ ಇತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರು ಜೊತೆಗೆ ಬಂದು ಕಾರನ್ನು ಎತ್ತಿಸಿ ಅಡಿಭಾಗವನ್ನೂ ನೋಡಿದ್ದರು. ಆದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾರಿನ ಬೆಲೆಯ ಕಾಲುಭಾಗಕ್ಕಿಂತ ಹೆಚ್ಚು ಹಣ ದುರಸ್ತಿಗೆ ಹೋಯಿತು. ಆಲ್ಟೊ, ಸ್ವಿಫ್ಟ್ ಕೊಳ್ಳುವಾಗ ನಾವೆಲ್ಲ ಮಾಡುವ ತಪಾಸಣೆ ಈ ಜಾತಿಯ ಕಾರಿಗೆ ಸಾಲದು. ಇದರಲ್ಲಿ ಮುಚ್ಚಿಡುವ ಸಂಗತಿಗಳೇ ಬೇರೆ.

ನನ್ನ ಕಾರು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ತಯಾರಿಸಿದವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಹಿಂದಿನ ಮಾಲೀಕ ಮಾಡಿದ್ದನ್ನು ಮಾರಿಸಿಕೊಟ್ಟ ಮಧ್ಯವರ್ತಿ ಗೊತ್ತಿದ್ದೂ ಮುಚ್ಚಿಟ್ಟ ಪ್ರಕರಣ ಇದು. ಈ ವರ್ಗದ ಕಾರುಗಳು ಯಾವುವೆಂದು ತಿಳಿಯಲು ಕೆಲವು ಹೆಸರು ಸಾಕು: 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರ್ ಎಂಜಿನ್, 105 ಅಶ್ವಶಕ್ತಿ. 2015ರ ಅಬಾರ್ಥ್ ಪುಂಟೊ, 1.4 ಲೀಟರ್, 145 ಅಶ್ವಶಕ್ತಿ. 2017ರ ಬಲೆನೊ ಆರ್‌ಎಸ್, 1 ಲೀಟರ್, 102 ಅಶ್ವಶಕ್ತಿ. ಇವುಗಳಲ್ಲಿ ಒಂದೂ ಈಗ ಹೊಸದಾಗಿ ಸಿಗುವುದಿಲ್ಲ. ಹೊಸದಾಗಿದ್ದಾಗ ನಮ್ಮಂಥವರ ಕೈಗೆ ಎಟಕದೆ ಇದ್ದ ಕಾರುಗಳು ಈಗ ಎಟಕುತ್ತಿವೆ. ದೇವನಹಳ್ಳಿ ದಾಟಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಇಂಥ ಕಾರು ಒಮ್ಮೆ ಓಡಿಸಿದವರಿಗೆ ಆ ಆಸೆ ಏಕೆಂದು ವಿವರಿಸಬೇಕಾಗಿಲ್ಲ. ಆಸೆ ತಪ್ಪೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ.

ಟರ್ಬೊ ಎಂಜಿನ್ನಿನ ಶಕ್ತಿ ಎಷ್ಟಿರಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಗಣಕದಲ್ಲಿರುವ ತಂತ್ರಾಂಶ. ಟರ್ಬೊ ಎಂಜಿನ್ನಿನೊಳಕ್ಕೆ ಎಷ್ಟು ಒತ್ತಡದಲ್ಲಿ ಗಾಳಿ ತಳ್ಳಬೇಕು, ಎಷ್ಟು ಪೆಟ್ರೋಲ್ ಸುರಿಯಬೇಕು, ಕಿಡಿ ಯಾವ ಕ್ಷಣದಲ್ಲಿ ಹೊತ್ತಬೇಕು ಎಲ್ಲವೂ ಅಲ್ಲಿದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ತಂತ್ರಾಂಶ ಬದಲಿಸಿದರೆ ಹೆಚ್ಚೇನೂ ಸಿಗುವುದಿಲ್ಲ. ಟರ್ಬೊ ಇದ್ದರೆ ಲ್ಯಾಪ್‌ಟಾಪ್ ಜೋಡಿಸಿ ಗಾಳಿಯ ಒತ್ತಡ ಏರಿಸಿದರೆ ಸಾಕು, ಶಕ್ತಿ ಕಾಲುಭಾಗದಷ್ಟು ಹೆಚ್ಚುತ್ತದೆ. ಇದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಎಂಜಿನ್ ಹೊಸ ಶಕ್ತಿ ಕೊಡುತ್ತದೆ, ಆದರೆ ಕ್ಲಚ್, ಗೇರ್‌ಬಾಕ್ಸ್, ಟರ್ಬೊದ ಬೇರಿಂಗ್ ಎಲ್ಲ ಹಳೆಯ ಲೆಕ್ಕಕ್ಕೆ ಮಾಡಿದವು. ಮಾರುವ ದಿನ ಬಂದಾಗ ಅದೇ ಲ್ಯಾಪ್‌ಟಾಪ್‌ನಿಂದ ಕಂಪನಿಯ ತಂತ್ರಾಂಶವನ್ನು ಮತ್ತೆ ತುಂಬಿಬಿಡಬಹುದು. ಸವೆದದ್ದು ಮಾತ್ರ ಸವೆದೇ ಇರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ನನಗೆ ಆದದ್ದು ಇದೇ. "ಗಾಡಿ ಅಪ್ಪಟ ಸ್ಟಾಕ್, ಸಾರ್. ಒಂದು ಬೋಲ್ಟ್ ಕೂಡ ಮುಟ್ಟಿಲ್ಲ" ಎಂದು ಮಧ್ಯವರ್ತಿ ಮತ್ತೆ ಮತ್ತೆ ಹೇಳಿದ್ದ. ಸಾಲುಸಾಲು ಹಸಿರು ಗುರುತುಗಳಿದ್ದ ತಪಾಸಣಾ ವರದಿಯನ್ನೂ ಕೈಗಿಟ್ಟಿದ್ದ. ಮನೆಗೆ ತಂದ ವಾರದೊಳಗೆ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ದೀಪ ಹತ್ತಿಕೊಂಡಿತು. ಆಮೇಲೆ ಬೆಳಗಿನ ಹೊತ್ತು ಚಾಲು ಮಾಡಿದರೆ ಹಿಂದಿನಿಂದ ನೀಲಿ ಹೊಗೆ. ಮನೆಯವರನ್ನು ಕೂರಿಸಿಕೊಂಡು ನಂದಿ ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಕಾರು ಮುಂದಕ್ಕೆ ಹೋಗುತ್ತಿರಲಿಲ್ಲ. ಹಿಂದೆ ವಾರಾಂತ್ಯದ ವಾಹನಗಳ ಸಾಲು, ಮುಂದೆ ಹಿಮ್ಮುರಿ ತಿರುವು. ಹಿಂದಿನ ಸೀಟಿನಲ್ಲಿ ಅಮ್ಮ ಕೈಹಿಡಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು. ಆ ಭಯವನ್ನು ಒಂದು ಕುಟುಂಬಕ್ಕೆ ಗೊತ್ತಿದ್ದೂ ಮಾರಿದರಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಬಿಚ್ಚಿದಾಗ ಕ್ಲಚ್ ಪ್ಲೇಟ್ ಪೂರ್ತಿ ತಿಂದುಹೋಗಿತ್ತು, ಫ್ಲೈವೀಲ್ ಮೇಲೆ ಸುಟ್ಟ ನೀಲಿ ಕಲೆಗಳಿದ್ದವು. ಸ್ಪಾರ್ಕ್ ಪ್ಲಗ್‌ಗಳನ್ನು ಹೊರತೆಗೆದು ಅವುಗಳ ಮೇಲಿನ ಸಂಖ್ಯೆ ಓದಿದ ಗ್ಯಾರೇಜಿನವರು, "ಸಾರ್, ಇದು ಕಂಪನಿ ಹೇಳಿದ ಪ್ಲಗ್ ಅಲ್ಲ. ಪವರ್ ಏರಿಸಿದ ಗಾಡಿಗೆ ಹಾಕುವುದು. ತಂತ್ರಾಂಶ ವಾಪಸ್ ಹಾಕಿದವರು ಇದನ್ನು ತೆಗೆಯಲು ಮರೆತಿದ್ದಾರೆ" ಎಂದರು. ಎಂಜಿನ್ ದೀಪದ ಕಾರಣ ಇನ್ನೂ ಕೆಟ್ಟದ್ದು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಭಾಗವನ್ನೇ ಒಡೆದು ತೆಗೆದು, ಖಾಲಿ ಡಬ್ಬಿಯನ್ನು ಹಾಗೆಯೇ ಜೋಡಿಸಿದ್ದರು. ಹೊರಗಿನಿಂದ ನೋಡಿದರೆ ಎಲ್ಲ ಇದ್ದಲ್ಲೇ ಇದೆ. ರೀಮ್ಯಾಪ್ ಇದ್ದಾಗ ಇಸಿಯು ಇದನ್ನು ಗಮನಿಸದಂತೆ ಮಾಡಿರುತ್ತಾರೆ. ಕಂಪನಿಯ ತಂತ್ರಾಂಶ ಮರಳಿದ ಕೂಡಲೇ ಅದು ದೂರು ಹೇಳತೊಡಗುತ್ತದೆ. ಆ ದೂರನ್ನು ಅಳಿಸಿ, ದೀಪ ಮತ್ತೆ ಹತ್ತುವುದಕ್ಕೆ ಮೊದಲೇ ಕಾರನ್ನು ನನಗೆ ಒಪ್ಪಿಸಿದ್ದರು.

ಈ ಮೋಸವನ್ನು ಹಿಡಿಯುವ ಉಪಾಯವೊಂದಿದೆ. ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. 2013ರ ಏಪ್ರಿಲ್‌ನಿಂದ ನಮ್ಮ ದೇಶದ ಕಾರುಗಳಲ್ಲಿ ಒಬಿಡಿ-2, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಗುರುತಿಸಿ ದಾಖಲಿಸುವ ವ್ಯವಸ್ಥೆ ಕಡ್ಡಾಯ. ಸ್ಟೀರಿಂಗ್ ಕೆಳಗೆ ಅದರ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ ಮೊಬೈಲ್‌ಗೆ ಬ್ಲೂಟೂತ್ ಮೂಲಕ ಜೋಡಿಸುವ ಸಣ್ಣ ಸಾಧನ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಎಲ್ಲರೂ ಅದರಲ್ಲಿ ದೋಷದ ಕೋಡ್ ಇದೆಯೇ ಎಂದಷ್ಟೇ ನೋಡುತ್ತಾರೆ. ಕೋಡ್ ಇಲ್ಲವೆಂದರೆ ಸಮಾಧಾನಪಡುತ್ತಾರೆ. ನೋಡಬೇಕಾದದ್ದು ಬೇರೆ: ಕೋಡ್‌ಗಳನ್ನು ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕವನ್ನೂ ಅದು ತೋರಿಸುತ್ತದೆ. ಸಾವಿರಾರು ಕಿಲೋಮೀಟರ್ ಇದ್ದರೆ ಚಿಂತೆಯಿಲ್ಲ. ಇಪ್ಪತ್ತೋ ಮೂವತ್ತೋ ಇದ್ದರೆ ನಿಮಗೆ ತೋರಿಸುವ ಮುನ್ನ ಏನನ್ನೋ ಅಳಿಸಿದ್ದಾರೆ ಎಂದೇ ತಿಳಿಯಿರಿ. ಅದೇ ಆ್ಯಪ್‌ನಲ್ಲಿ ಹೊಗೆ ನಿಯಂತ್ರಣದ ಸ್ವಯಂಪರೀಕ್ಷೆಗಳು ಮುಗಿದಿವೆಯೇ ಎಂಬ ಪಟ್ಟಿ ಇರುತ್ತದೆ. ಕೋಡ್ ಅಳಿಸಿದರೆ ಅವೂ ಅಳಿಸಿಹೋಗಿ 'ಅಪೂರ್ಣ' ಎಂದು ತೋರಿಸುತ್ತವೆ. ಬ್ಯಾಟರಿ ಬದಲಿಸಿದೆವು, ಅದಕ್ಕೇ ಹೀಗೆ ಎಂದು ಮಾರುವವರು ಹೇಳಬಹುದು. ಹಾಗಾದರೆ ಬ್ಯಾಟರಿಯ ಬಿಲ್ ಕೇಳಿ. ನೂರಿನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ತೋರಿಸಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕ್ಲಚ್ ಪರೀಕ್ಷೆಗೆ ಯಾವ ಸಾಧನವೂ ಬೇಡ. ನಾಲ್ಕನೆಯ ಅಥವಾ ಐದನೆಯ ಗೇರ್‌ನಲ್ಲಿ ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ಸಾಧ್ಯವಾದರೆ ಏರುರಸ್ತೆಯಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಟರ್ಬೊ ಎದ್ದ ಕ್ಷಣದಲ್ಲಿ ಆರ್‌ಪಿಎಂ ಮುಳ್ಳು ಜಿಗಿದು ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಊರೊಳಗಿನ ಟೆಸ್ಟ್ ಡ್ರೈವ್‌ನಲ್ಲಿ ಒಂದು, ಎರಡನೆಯ ಗೇರ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಮಧ್ಯವರ್ತಿ ಹೆದ್ದಾರಿಗೆ ಹೋಗಲು ಬಿಡದೆ ನಾಲ್ಕು ಗಲ್ಲಿ ಸುತ್ತಿಸಿದ್ದು ಇದಕ್ಕೇ ಇರಬೇಕು.

ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಎಣ್ಣೆಯ ತೆಳುಪದರವೊಂದೇ ಅದಕ್ಕೆ ಆಧಾರ. ಆಯಿಲ್ ಬದಲಾವಣೆ ತಡವಾದ ಕಾರಿನಲ್ಲಿ, ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡುತ್ತಿದ್ದ ಕಾರಿನಲ್ಲಿ ಮೊದಲು ಸಾಯುವುದು ಅದು. ಆದ್ದರಿಂದ ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ. ಬಾನೆಟ್ ಮುಟ್ಟಿ ಬೆಚ್ಚಗಿದ್ದರೆ ಮಾರನೆಯ ದಿನ ಬರುತ್ತೇನೆ ಎನ್ನಿ. ಮೊದಲ ಬಾರಿ ಚಾಲು ಮಾಡುವಾಗ ಒಬ್ಬರು ಹಿಂದೆ ನಿಂತು ಹೊಗೆ ನನ್ನ ಕಾರಿನದರಂತೆ ನೀಲಿಯಾಗಿದೆಯೇ ಎಂದು ನೋಡಬೇಕು.

ಇನ್ನು ಕಣ್ಣಿಗೇ ಕಾಣುವ ಕುರುಹುಗಳು. ತುಕ್ಕು ಹಿಡಿದ ಅಡಿಭಾಗದಲ್ಲಿ ಸೈಲೆನ್ಸರಿನ ಬೋಲ್ಟ್‌ಗಳು ಮಾತ್ರ ಹೊಳೆಯುತ್ತಿದ್ದರೆ ಕೇಳಿ, ಏಕೆ ಬಿಚ್ಚಿದ್ದರು ಎಂದು. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಮುರಿದಿದೆಯೇ, ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್‌ನಲ್ಲಿ ಹೆಚ್ಚುವರಿ ಮೀಟರ್ ಕೂರಿಸಿದ್ದ ತೂತಿದೆಯೇ, ಟೈರ್‌ಗಳ ಒಳ ಅಂಚು ಮಾತ್ರ ಸವೆದಿದೆಯೇ ನೋಡಿ. ಕಾರನ್ನು ತಗ್ಗಿಸಲು ಗಿಡ್ಡ ಸ್ಪ್ರಿಂಗ್ ಹಾಕಿ ಚಕ್ರದ ಜೋಡಣೆ ಸರಿಪಡಿಸದೆ ಓಡಿಸಿದರೆ ಹಾಗೆ ಸವೆಯುತ್ತದೆ. ಟೈರ್ ಮೇಲಿನ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3219 ಎಂದರೆ 2019ರ ಮೂವತ್ತೆರಡನೆಯ ವಾರದಲ್ಲಿ ತಯಾರಾದದ್ದು. ಓಡೋಮೀಟರಿನಲ್ಲಿ ಕಡಿಮೆ ದೂರವಿದ್ದೂ ಟೈರ್ ಎರಡನೆಯ ಜೋಡಿಯಾಗಿದ್ದರೆ ಅದಕ್ಕೂ ಉತ್ತರ ಬೇಕು. ಇ-ಚಲನ್ ಜಾಲತಾಣದಲ್ಲಿ ಕಾರಿನ ಸಂಖ್ಯೆ ಹಾಕಿ ನೋಡುವಾಗ ಬಾಕಿ ದಂಡ ಎಷ್ಟೆಂದು ನೋಡಿ ಸುಮ್ಮನಾಗಬೇಡಿ. ಯಾವ ರಸ್ತೆಯಲ್ಲಿ, ಯಾವ ತಪ್ಪಿಗೆ ಎಂದು ಓದಿ. ಅತಿವೇಗದ ದಂಡಗಳ ಸಾಲು ಆ ಕಾರಿನ ಜಾತಕ.

ಆಟೋಮ್ಯಾಟಿಕ್ ಬೇಕೆನ್ನುವವರಿಗೆ ಒಂದು ಮಾತು. ಈ ವರ್ಗದ ಕೆಲವು ಕಾರುಗಳಲ್ಲಿ ಒಣ ಜೋಡಿ-ಕ್ಲಚ್‌ನ ಏಳು ಗೇರ್‌ಗಳ ಪೆಟ್ಟಿಗೆ ಇದೆ. ಎರಡು ಕ್ಲಚ್‌ಗಳಲ್ಲಿ ಒಂದು ಬೆಸ ಗೇರ್‌ಗಳಿಗೆ, ಇನ್ನೊಂದು ಸರಿ ಗೇರ್‌ಗಳಿಗೆ. ಅವು ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ತೆವಳುವ ವಾಹನದಟ್ಟಣೆಯಲ್ಲಿ ಬೇಗ ಬಿಸಿಯಾಗುತ್ತವೆ. ಹೆಬ್ಬಾಳದ ಜಾಮ್‌ನಲ್ಲಿ ವರ್ಷಗಟ್ಟಲೆ ತೆವಳಿದ ಕಾರು ನಿಮ್ಮ ಪಾಲಿಗೆ ಬಂದರೆ ಮೊದಲ, ಎರಡನೆಯ ಗೇರ್‌ಗಳ ನಡುವೆ ನಡುಕ ಇದೆಯೇ ಎಂದು ಗಮನಿಸಿ. ಪೋಲೊ ಜಿಟಿ ಟಿಎಸ್‌ಐ ಮೊದಲು ಬಂದದ್ದು ಇಂಥ ಪೆಟ್ಟಿಗೆಯೊಂದಿಗೆ. 2020ರಿಂದ ಅದಕ್ಕೆ 1 ಲೀಟರ್ ಎಂಜಿನ್ ಮತ್ತು ಒಣ ಕ್ಲಚ್ ಇಲ್ಲದ, ಮಾಮೂಲಿ ಟಾರ್ಕ್ ಕನ್ವರ್ಟರಿನ ಆರು ಗೇರ್‌ಗಳ ಪೆಟ್ಟಿಗೆ ಬಂದವು. ಹೆಸರು ಒಂದೇ ಇದ್ದರೂ ಅವು ಬೇರೆ ಬೇರೆ ಕಾರುಗಳು. ಜಾಹೀರಾತಿನಲ್ಲಿ ವರ್ಷ ನೋಡಿಕೊಳ್ಳಿ.

ಯಾರೋ ಮಾಡಿದ ಬದಲಾವಣೆಗೆ ನಾವೇಕೆ ಹೊಣೆ ಎಂದು ಕೇಳಬಹುದು. ಆರ್‌ಸಿ ನಮ್ಮ ಹೆಸರಿಗೆ ಬಂದ ದಿನದಿಂದ ರಸ್ತೆಯಲ್ಲಿ ಉತ್ತರ ಕೊಡಬೇಕಾದವರು ನಾವೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ. ಹೊಗೆಯ ನಿಯಮ ಮುರಿದರೆ 2019ರ ತಿದ್ದುಪಡಿಯ ನಂತರ ದಂಡ ಹತ್ತು ಸಾವಿರ ರೂಪಾಯಿಯವರೆಗೆ. ಕಾರು ಮಾರುವಾಗ ಅವರು ಕೊಟ್ಟ ಎಮಿಷನ್ ಪ್ರಮಾಣಪತ್ರದ ಅವಧಿ ಇನ್ನೂ ಮುಗಿದಿರಲಿಲ್ಲ. ಅದೇ ಕಾರನ್ನು ನಾನು ಮತ್ತೆ ಪರೀಕ್ಷೆಗೆ ಒಡ್ಡಿದಾಗ ಪಾಸಾಗಲಿಲ್ಲ. ಕೊಳ್ಳುವ ಮುನ್ನ ನಿಮ್ಮೆದುರಿಗೇ ಹೊಸದಾಗಿ ಎಮಿಷನ್ ಪರೀಕ್ಷೆ ಮಾಡಿಸಿ. ಖರ್ಚು ಅತ್ಯಲ್ಪ, ಕನ್ವರ್ಟರ್ ಖಾಲಿ ಇದ್ದರೆ ಗೊತ್ತಾಗುವ ಸಾಧ್ಯತೆ ಬಹಳ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪವಿರುವ ಹೊಸ ಕನ್ವರ್ಟರಿನ ಬೆಲೆ ಕೇಳಿದರೆ ಈ ಪರೀಕ್ಷೆಯ ಬೆಲೆ ಅರ್ಥವಾಗುತ್ತದೆ. ವಿಮೆಯದೂ ಅಷ್ಟೇ. ತಿಳಿಸದ ಮಾರ್ಪಾಡು ಸಿಕ್ಕಿದರೆ ಕಂಪನಿ ಕ್ಲೇಮ್ ಬಗ್ಗೆ ತಕರಾರು ತೆಗೆಯಬಹುದು. ಹಳೆಯ ಮಾಲೀಕನ ವಿಮೆಯಲ್ಲಿ ಥರ್ಡ್ ಪಾರ್ಟಿ ಭಾಗವಷ್ಟೇ ತಾನಾಗಿ ನಿಮಗೆ ಬರುತ್ತದೆ. ಸ್ವಂತ ಹಾನಿಯ ಭಾಗಕ್ಕೆ ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು.

ನಾನು ಕರೆ ಮಾಡಿದಾಗ ಮಧ್ಯವರ್ತಿ ಹೇಳಿದ್ದು ಒಂದೇ ಮಾತು: "ನಾವು ಪರಿಚಯ ಮಾಡಿಸಿದವರು ಅಷ್ಟೇ. ಒಪ್ಪಂದದಲ್ಲಿ 'ಇದ್ದ ಸ್ಥಿತಿಯಲ್ಲಿ' ಎಂದು ಬರೆದಿದೆ, ನೋಡಿಕೊಳ್ಳಿ." ಆ ಮೇಲೆ ಫೋನ್ ಎತ್ತಲಿಲ್ಲ. ಹಿಂದಿನ ಮಾಲೀಕ ತನಗೆ ಏನೂ ಗೊತ್ತಿಲ್ಲವೆಂದ. ಹೀಗಾಗದಿರಲು ಮಾರುವವನು ಡೀಲರೋ ಬರಿಯ ದಲ್ಲಾಳಿಯೋ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಹಳೆಯ ವಾಹನಗಳ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕು. ಅದನ್ನು ತೋರಿಸಿ ಎನ್ನಿ. ಟೋಕನ್ ಕೊಡುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ "ರೀಮ್ಯಾಪ್ ಆಗಿದೆಯೇ? ಕ್ಯಾಟಲಿಟಿಕ್ ಕನ್ವರ್ಟರ್ ಮೂಲದ್ದೇ? ಕ್ಲಚ್ ಎಂದು ಬದಲಾಯಿತು?" ಎಂದು ಬರೆದು ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಬಾಯಿಮಾತಿನ "ಅಪ್ಪಟ ಸ್ಟಾಕ್" ಎಲ್ಲೂ ನಿಲ್ಲುವುದಿಲ್ಲ.

ಈಗಾಗಲೇ ಸಿಕ್ಕಿಬಿದ್ದವರು ಸುಮ್ಮನೆ ಕೂರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಅವಕಾಶವಿದೆ, ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಕಾಲಮಿತಿ ಎರಡು ವರ್ಷ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ಬರಿಯ ಖಾಸಗಿ ಮಾಲೀಕನ ಮೇಲೆ ಗ್ರಾಹಕ ದೂರು ನಿಲ್ಲುವುದು ಕಷ್ಟ. ಅದಕ್ಕೇ ಹಣ ಯಾರ ಖಾತೆಗೆ ಹೋಯಿತು, ರಸೀದಿ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಾಗುತ್ತದೆ. ನಾನು ಮಧ್ಯವರ್ತಿಯ ಖಾತೆಗೇ ಬ್ಯಾಂಕ್ ಮೂಲಕ ಹಣ ಕಳುಹಿಸಿದ್ದೆ, ಆ ದಾಖಲೆಯನ್ನು ಹಿಡಿದೇ ದೂರು ಸಿದ್ಧಪಡಿಸುತ್ತಿದ್ದೇನೆ. ಸ್ಕ್ಯಾನ್ ವರದಿಯ ಪರದೆಗಳನ್ನು ದಿನಾಂಕ ಕಾಣುವಂತೆ ಚಿತ್ರ ತೆಗೆದು ಇಟ್ಟುಕೊಳ್ಳಿ. ಗ್ಯಾರೇಜಿನವರಿಂದ ಬಿಲ್ ಜೊತೆಗೆ ಏನು ಕಂಡರೆಂದು ಸಹಿ ಮಾಡಿದ ಟಿಪ್ಪಣಿ ಬರೆಸಿಕೊಳ್ಳಿ. ಬಿಚ್ಚಿದ ಕ್ಲಚ್ ಪ್ಲೇಟ್, ಪ್ಲಗ್‌ಗಳು, ಖಾಲಿ ಕನ್ವರ್ಟರ್ ಡಬ್ಬಿ ಯಾವುದನ್ನೂ ಗುಜರಿಗೆ ಬಿಡದೆ ಮನೆಗೆ ತನ್ನಿ.