ಬಾದಾಮಿ ಲೆಕ್ಕದ ತೋರಾ ಕ್ವಿಜ್

ಜೆರುಸಲೇಮಿನ ಮೆಯಾ ಶೆಅರಿಮ್ ಅನ್ನುವ ಯಹೂದಿ ಬಡಾವಣೆ ಕಡೆ ಹೋಗಿದ್ದಾಗ ಒಂದು ಪುಸ್ತಕದಂಗಡಿಯಲ್ಲಿ ಯಹೂದಿಗಳ ಧರ್ಮಗ್ರಂಥ ತೋರಾದ ಈ ಕ್ವಿಜ್ ಡಬ್ಬಿ ತಗೊಂಡೆ. ನಾನು ಮಂಗಳೂರಿನವಳು, ಇಲ್ಲಿ ಒಬ್ಬ ಅಜ್ಜನನ್ನು ನೋಡಿಕೊಳ್ಳುವ ಕೆಲಸ. ಸಬಾ ಅಂತ ಕರೆಯುತ್ತೇನೆ, ಹೀಬ್ರೂನಲ್ಲಿ ಅಜ್ಜ ಅಂತಲೇ ಅರ್ಥ. ಕಾಲು ಏಳುವುದಿಲ್ಲ, ಬಾಯಿ ನಿಲ್ಲುವುದಿಲ್ಲ. ಶಬ್ಬಾತ್ ದಿನ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಈ ಮನೆಯಲ್ಲಿ ಟೀವಿ ಇಲ್ಲ, ಫೋನ್ ಇಲ್ಲ, ಮಧ್ಯಾಹ್ನ ಕಳೆಯಲು ಏನಾದರೂ ಬೇಕಿತ್ತು.

ಒಳಗೆ 200 ಕಾರ್ಡುಗಳಿವೆ, ಎಲ್ಲ ಇಂಗ್ಲಿಷ್. ತೋರಾ, ಪ್ರಾರ್ಥನೆ, ಪುಸ್ತಕ ಅಂತ ಮೂರು ಬಣ್ಣ. ಹಳದಿ ಕಾರ್ಡಿನ ಮೇಲೆ ಬಿಳಿ ಅಕ್ಷರ ಹಾಕಿದ ಪುಣ್ಯಾತ್ಮ ಯಾರೋ, ಸಂಜೆ ಓದಲು ಆಗುವುದೇ ಇಲ್ಲ. ಕಾರ್ಡು ಮಾತ್ರ ದಪ್ಪ, ಚಹಾ ಚೆಲ್ಲಿದರೂ ಒರೆಸಿದರೆ ಆಯ್ತು.

ಕೆಲವು ಪ್ರಶ್ನೆ ತೀರಾ ಸುಲಭ. ತೋರಾದಲ್ಲಿ 613 ಆಜ್ಞೆ, ಮಾಡು ಅನ್ನುವುದು 248, ಮಾಡಬೇಡ ಅನ್ನುವುದು 365, ಇದೆಲ್ಲ ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ನನಗೆ ಹಿಡಿಸಿದ್ದು ತೋರಾ ಸುರುಳಿಯ ಪ್ರಶ್ನೆಗಳು. ಚರ್ಮದ ಮೇಲೆ ಕೈಯಲ್ಲೇ ಬರೆಯಬೇಕು, ಒಟ್ಟು 3,04,805 ಅಕ್ಷರ, ಅದರಲ್ಲಿ ಒಂದೇ ಒಂದು ಅಳಿಸಿ ಹೋದರೂ ತಿದ್ದುವ ತನಕ ಆ ಸುರುಳಿಯನ್ನು ಓದುವಂತಿಲ್ಲ. ಬೆರಳು ತಾಗಿಸುವಂತೆಯೂ ಇಲ್ಲ, ಅದಕ್ಕೇ ತುದಿಯಲ್ಲಿ ಪುಟ್ಟ ಕೈ ಇರುವ ಕಡ್ಡಿ ಇಟ್ಟುಕೊಂಡು ಸಾಲು ಹಿಡಿಯುತ್ತಾರೆ. ಪ್ರಾರ್ಥನೆ ಪುಸ್ತಕ ಕೈಜಾರಿ ಬಿದ್ದರೆ ಎತ್ತಿ ಮುತ್ತು ಕೊಡಬೇಕು ಅಂತ ಒಂದು ಕಾರ್ಡು. ಅದಕ್ಕೆ ನಾನು ಥಟ್ಟಂತ ಉತ್ತರ ಹೇಳಿದೆ, ನಾವು ಕಣ್ಣಿಗೊತ್ತಿಕೊಳ್ಳುವುದಿಲ್ವಾ!

ಶಬ್ಬಾತ್ ದಿನ ಬರೆಯುವಂತಿಲ್ಲ, ಹಾಗಾಗಿ ಅಂಕ ಲೆಕ್ಕ ಬಾದಾಮಿಯಲ್ಲಿ. ಸಬಾ ಗೆದ್ದಷ್ಟನ್ನೂ ಅಲ್ಲೇ ತಿಂದುಬಿಡುತ್ತಾರೆ, ಆಮೇಲೆ ಎಷ್ಟಾಯ್ತು ಅಂತ ಜಗಳ.

ಮೊದಲ ವಾರವೇ ಒಂದು ತಪ್ಪು ಸಿಕ್ಕಿತು. ಯಹೂದಿಗಳು ದಿನಾ ನಿಂತು ಹೇಳುವ ಅಮಿದಾ ಪ್ರಾರ್ಥನೆಯಲ್ಲಿ ಎಷ್ಟು ಆಶೀರ್ವಚನ? ಕಾರ್ಡಿನ ಹಿಂದೆ 18 ಅಂತ ಇತ್ತು. ಸಬಾ ಮುಖ ಕೆಂಪಾಯಿತು. ಅದರ ಇನ್ನೊಂದು ಹೆಸರು ಶೆಮೋನೆ ಎಸ್ರೆ, ಅಂದರೆ ಹದಿನೆಂಟು, ನಿಜ. ಆದರೆ ಹಳೆಯ ಕಾಲದಲ್ಲೇ ಒಂದು ಸೇರಿ 19 ಆಗಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಅದೂ ವಾರದ ದಿನಗಳಿಗೆ, ಶಬ್ಬಾತ್‌ಗೆ ಏಳೇ. ಆಗಲೇ ತಿದ್ದಬೇಕು ಅಂತ ಅವರಿಗೆ ಆತುರ, ಪೆನ್ನು ಮುಟ್ಟುವಂತಿಲ್ಲ. ಕಾರ್ಡನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತರು. ಕತ್ತಲಾಗಿ ಕಿಟಕಿಯಲ್ಲಿ ಮೂರು ನಕ್ಷತ್ರ ಕಂಡು, ಶಬ್ಬಾತ್ ಕಳಿಸುವ ಪ್ರಾರ್ಥನೆ ಮುಗಿದದ್ದೇ ಪೆನ್ನು ಕೇಳಿದರು. ಈಗ ಅಲ್ಲಿ ನಡುಗುವ ಕೈಯ ದೊಡ್ಡ 19 ಇದೆ. ಕೊಡುವ ದುಡ್ಡಿಗೆ ಇದನ್ನು ಮಾಡಿದವರೇ ಒಮ್ಮೆ ನೋಡಬಹುದಿತ್ತು.

ನನ್ನ ನಿಜವಾದ ಬೇಸರ ಬೇರೆ. ಹಳೆಯದಾದ ಧರ್ಮಗ್ರಂಥಗಳನ್ನು ಎಸೆಯದೆ ಕೂಡಿಡುವ ಜಾಗಕ್ಕೆ ಗೆನಿಜಾ ಅನ್ನುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರದ ಗೆನಿಜಾ ಬಗ್ಗೆ ಮೂರು ಕಾರ್ಡು ಇವೆ, ನಮ್ಮೂರಿನ ಸುದ್ದಿ ಒಂದರಲ್ಲೂ ಇಲ್ಲ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿಗೆ ಯೆಮನ್ ದೇಶದ ಏಡನ್‌ನಿಂದ ಬಂದ ಕಾಗದಗಳು ಆ ಗೆನಿಜಾದಲ್ಲೇ ಸಿಕ್ಕಿದ್ದು! ಸಕ್ಕರೆ ಕಳಿಸಿದ್ದೇನೆ, ಬರೆಯುವ ಕಾಗದ ಕಳಿಸಿದ್ದೇನೆ ಅಂತೆಲ್ಲ ಇದೆ ಅವುಗಳಲ್ಲಿ.

ಡಬ್ಬಿಯಲ್ಲಿ ಐದು ಖಾಲಿ ಕಾರ್ಡೂ ಇದ್ದವು. ಒಂದರಲ್ಲಿ ಬೆನ್ ಯಿಜು ಬಗ್ಗೆ ಪ್ರಶ್ನೆ ಬರೆದು ಸೇರಿಸಿದೆ. ಮನೆಗೆ ಯಾರೇ ಬರಲಿ, ಸಬಾ ಈಗ ಮೊದಲು ಅದನ್ನೇ ತೆಗೆಯುತ್ತಾರೆ. ಇವತ್ತಿನ ತನಕ ಯಾರಿಗೂ ಬಾದಾಮಿ ಸಿಕ್ಕಿಲ್ಲ.