ಅಮೃತಸರದ ಪಾರ್ಟಿಷನ್ ಮ್ಯೂಸಿಯಂ: ಮುಕ್ಕಾಲು ಗಂಟೆಗೆ ಮುಗಿಯುವ ಜಾಗವಲ್ಲ

ಅಮೃತಸರಕ್ಕೆ ಹೋಗುವವರ ಒಂದು ದಿನದ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಳಿಗ್ಗೆ ಸ್ವರ್ಣಮಂದಿರ, ಲಂಗರಿನ ಊಟ, ಪಕ್ಕದ ಜಲಿಯನ್‌ವಾಲಾ ಬಾಗ್, ಸಂಜೆಗೆ ಅಟಾರಿ ಗಡಿಯ ಕವಾಯತು. ನಡುವೆ ಮುಕ್ಕಾಲು ಗಂಟೆ ಮಿಕ್ಕರೆ, 1947ರ ದೇಶವಿಭಜನೆಯ ಕತೆ ಹೇಳುವ ಟೌನ್‌ಹಾಲಿನ ಪಾರ್ಟಿಷನ್ ಮ್ಯೂಸಿಯಂ. ಎಡವಟ್ಟಾಗುವುದೇ ಇಲ್ಲಿ. ಅಟಾರಿ ಸುಮಾರು 30 ಕಿಲೋಮೀಟರ್ ದೂರ. ಕೂರಲು ಜಾಗ ಬೇಕೆಂದರೆ ಮಧ್ಯಾಹ್ನವೇ ಹೊರಡಬೇಕು. ಹಾಗಾಗಿ ಮೊದಲ ಕೋಣೆಗಳಲ್ಲಿ ಗೋಡೆಬರಹ ಓದುವಷ್ಟರಲ್ಲೇ ಸಮಯ ಖರ್ಚಾಗಿ, ನಿಜಕ್ಕೂ ನೋಡಬೇಕಾದ ಕೊನೆಯ ಕೋಣೆಗಳನ್ನು ಜನ ಓಡುತ್ತಾ ದಾಟುತ್ತಾರೆ.

ಮ್ಯೂಸಿಯಂ ಪೂರ್ತಿಯಾಗಿ ತೆರೆದದ್ದು 2017ರ ಆಗಸ್ಟ್ 17ರಂದು. ದಿನಾಂಕವನ್ನು ಯೋಚಿಸಿಯೇ ಆರಿಸಿದ್ದಾರೆ. ಬ್ರಿಟಿಷ್ ವಕೀಲ ರ್‍ಯಾಡ್‌ಕ್ಲಿಫ್ ಎಳೆದ ಗಡಿರೇಖೆ ಜನರಿಗೆ ಗೊತ್ತಾದದ್ದು ಸ್ವಾತಂತ್ರ್ಯ ಬಂದು ಎರಡು ದಿನವಾದ ಮೇಲೆ, 1947ರ ಆಗಸ್ಟ್ 17ಕ್ಕೆ. ಕಟ್ಟಿದವರು ಲೇಖಕಿ ಕಿಶ್ವರ್ ದೇಸಾಯಿ ಮುಂದಾಳತ್ವದ ಟ್ರಸ್ಟಿನವರು. ಬಹುಶಃ ಅದಕ್ಕೇ ಇಲ್ಲಿ ಕಡತಕ್ಕಿಂತ ಮಾತಿಗೆ ತೂಕ ಹೆಚ್ಚು.

ಹದಿನಾಲ್ಕು ಗ್ಯಾಲರಿಗಳು ಕಾಲಕ್ರಮದಲ್ಲಿ ಸಾಗುತ್ತವೆ. ಸ್ವಾತಂತ್ರ್ಯ ಹೋರಾಟದ ಮೊದಲ ಭಾಗ ಶಾಲೆಯ ಪಠ್ಯವನ್ನು ಓದಿದವರಿಗೆ ಹೊಸದೇನಲ್ಲ. ಅಲ್ಲಿ ಇಪ್ಪತ್ತು ನಿಮಿಷ ಸಾಕು. ಗಡಿ, ವಲಸೆ, ಆಶ್ರಯ ಎಂಬ ಭಾಗಗಳಿಗೆ ಕನಿಷ್ಠ ಒಂದೂವರೆ ಗಂಟೆ ಉಳಿಸಿಕೊಳ್ಳಿ. ವಲಸೆ ಬಂದವರು ತಾವೇ ಮಾತಾಡಿರುವ ವಿಡಿಯೋಗಳಿರುವ ಪರದೆಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಗಿಜಿಗುಡುವ ಹೊತ್ತಿನಲ್ಲಿ ಒಂದು ಪರದೆಯ ದನಿ ಇನ್ನೊಂದರ ಮೇಲೆ ಬಿದ್ದು ಎರಡೂ ಕೇಳಿಸುವುದಿಲ್ಲ. ಬಾಗಿಲು ತೆರೆಯುತ್ತಿದ್ದಂತೆ ಹೋದರೆ ಈ ಕಾಟ ತಪ್ಪುತ್ತದೆ. ಸೋಮವಾರ ರಜೆ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಅದರಿಂದ ಒಳ್ಳೆಯದೇ ಆಗಿದೆ.

ಹೆಚ್ಚಿನವರಿಗೆ ನೆನಪುಳಿಯುವುದು ಒಂದು ಫುಲ್ಕಾರಿ (ಪಂಜಾಬಿ ಕಸೂತಿಯ) ಕೋಟು ಮತ್ತು ಒಂದು ಚರ್ಮದ ಕೈಪೆಟ್ಟಿಗೆ. ಮದುವೆ ನಿಶ್ಚಯವಾಗಿದ್ದ ಹುಡುಗ ಹುಡುಗಿ ಬೇರೆಬೇರೆ ದಾರಿಯಲ್ಲಿ ಓಡಿಬಂದು ಶಿಬಿರದಲ್ಲಿ ಮತ್ತೆ ಎದುರಾದರು, ಮದುವೆಯಾದರು. ಕೋಟು ಅವಳದು, ಪೆಟ್ಟಿಗೆ ಅವನದು. ಇನ್ನೊಂದೆಡೆ ಬಾವಿಯೊಂದಿದೆ. ಮಾನ ಉಳಿಸಿಕೊಳ್ಳಲು ಬಾವಿಗೆ ಹಾರಿದ ಹೆಂಗಸರ ನೆನಪಿಗೆ ಕಟ್ಟಿದ್ದು. ಮಕ್ಕಳನ್ನು ಕರೆದೊಯ್ಯುವವರು ಮೊದಲೇ ಒಂದು ಮಾತು ಹೇಳಿ ಸಿದ್ಧಮಾಡಿರಬೇಕು.

ನಮ್ಮ ಮಟ್ಟಿಗೆ ಇಲ್ಲಿಯ ಅತ್ಯುತ್ತಮ ವಸ್ತು ಎಸ್.ಎಲ್. ಪರಾಶರ್ ಬರೆದ ರೇಖಾಚಿತ್ರಗಳು. ಲಾಹೋರಿನ ಮೇಯೋ ಕಲಾಶಾಲೆಯಲ್ಲಿದ್ದ ಪರಾಶರ್ ದೇಶ ಒಡೆದ ಮೇಲೆ ಅಂಬಾಲದ ನಿರಾಶ್ರಿತರ ಶಿಬಿರದ ಮುಖ್ಯಾಧಿಕಾರಿಯಾದರು. ಹಗಲು ರೇಷನ್ನು, ಡೇರೆಯ ಲೆಕ್ಕ. ಬಿಡುವಿನಲ್ಲಿ ಸಿಕ್ಕ ಕಾಗದದ ಮೇಲೆ ಕುಕ್ಕರಗಾಲಲ್ಲಿ ಕೂತ ಮೈಗಳು, ಮೊಣಕಾಲಿಗೆ ಹಣೆಯೊತ್ತಿದ ಹೆಂಗಸರು. ರಕ್ತವಿಲ್ಲ, ಕತ್ತಿಯಿಲ್ಲ. ಎರಡು ಮೂರು ಗೆರೆಗಳಲ್ಲಿ ಬೆನ್ನು ಬಾಗಿದೆ, ಅಷ್ಟೇ. ಝೇಲಂ ಕಡೆಯಿಂದ ಬಂದ ಚಿತ್ರಕಾರ ಸತೀಶ್ ಗುಜ್ರಾಲ್ ಆಮೇಲೆ ಇದೇ ದುಃಖವನ್ನು ದೊಡ್ಡ ಕ್ಯಾನ್ವಾಸಿಗೆ ಏರಿಸಿದರು. ಅವರ ಕೆಲಸವನ್ನು ಮೊದಲೇ ಬಲ್ಲವರಿಗೆ ಪರಾಶರರ ಪುಟ್ಟ ಕಾಗದಗಳ ಮುಂದೆ ನಿಂತಾಗ, ದೂರದಿಂದ ನೆನೆದು ಬರೆದದ್ದಕ್ಕೂ ಎದುರಿಗೆ ಕೂತು ಬರೆದದ್ದಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ಕಲೆಯನ್ನು ಇತಿಹಾಸಕ್ಕೆ ಒಗ್ಗರಣೆ ಹಾಕಿದ ಹಾಗೆ ಅಲ್ಲಲ್ಲಿ ಇಟ್ಟಿದ್ದಾರೆ. ಅದಕ್ಕೆಂದೇ ಒಂದು ನಿಶ್ಶಬ್ದ ಕೋಣೆ, ಎರಡು ಬೆಂಚು ಇರಬೇಕಿತ್ತು.

ಸಾಹಿತ್ಯದ ವಿಷಯದಲ್ಲೂ ಇದೇ ತಕರಾರು. ಉರ್ದು ಕತೆಗಾರ ಮಂಟೋ ಬೆಳೆದದ್ದು ಇದೇ ಅಮೃತಸರದ ಗಲ್ಲಿಗಳಲ್ಲಿ. 1948ರಲ್ಲಿ ಮುಂಬಯಿ ಬಿಟ್ಟು ಲಾಹೋರಿಗೆ ಹೋಗಿ, 1955ರಲ್ಲಿ ಅಲ್ಲೇ ತೀರಿಕೊಂಡರು. ಪಂಜಾಬಿ ಕವಿ ಅಮೃತಾ ಪ್ರೀತಂ ಲಾಹೋರಿನಿಂದ ಈಚೆಗೆ ಬಂದವರು. ಒಬ್ಬರು ಆಚೆಗೆ, ಒಬ್ಬರು ಈಚೆಗೆ. ಇಬ್ಬರನ್ನೂ ಸ್ವಲ್ಪ ಓದಿಕೊಂಡು ಹೋದವರಿಗೆ ಈ ಕಟ್ಟಡ ಇಮ್ಮಡಿ ಮಾತಾಡುತ್ತದೆ. ಕನ್ನಡದಲ್ಲಿ ಮಂಟೋ ಕತೆಗಳ ಅನುವಾದಗಳಿವೆ, ರೈಲಿನಲ್ಲಿ ಓದಲು ಒಯ್ಯಬಹುದು.

ಮ್ಯೂಸಿಯಮಿನ ದೊಡ್ಡ ಕೊರತೆಯೆಂದರೆ ಪಂಜಾಬಿನ ಕತೆಯದೇ ಭಾರ. ಬಂಗಾಳದ ವಲಸೆ 1947ಕ್ಕೆ ನಿಲ್ಲದೆ ದಶಕಗಟ್ಟಲೆ ಹರಿಯಿತು. ಅದರ ಒಂದು ಕವಲು ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳವರೆಗೂ ಬಂದಿದೆ, ಅಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಇವತ್ತೂ ಇವೆ. ಅಮೃತಸರದಲ್ಲಿ ನಿಂತವರಿಗೆ ಆ ದೂರದ ಅಂದಾಜು ಸಿಗುವುದಿಲ್ಲ.

ಸಿಂಧಿಗಳ ಕತೆ ಬೇಕಾದವರು ದೆಹಲಿಯ ಪಾರ್ಟಿಷನ್ ಮ್ಯೂಸಿಯಂ ನೋಡಲಿ. ಅದೇ ಟ್ರಸ್ಟಿನವರು ಕಶ್ಮೀರಿ ಗೇಟ್ ಹತ್ತಿರ ಹಳೆಯ ದಾರಾ ಶಿಕೋಹ್ ಗ್ರಂಥಾಲಯದ ಕಟ್ಟಡದಲ್ಲಿ 2023ರಲ್ಲಿ ತೆರೆದದ್ದು. ಅಲ್ಲಿ ಸಿಂಧ್‌ಗೆ ಬೇರೆಯೇ ಗ್ಯಾಲರಿ ಇದೆ, ಮೆಟ್ರೋ ಇಳಿದು ನಡೆದೇ ಹೋಗಬಹುದು. ಅಮೃತಸರದಲ್ಲಾದರೆ ಕೊನೆಯ ಕೋಣೆಯಲ್ಲಿ ಎಲೆಯಾಕಾರದ ಕಾಗದದ ಮೇಲೆ ಬರೆದು ಮರಕ್ಕೆ ಕಟ್ಟಲು ಅವಕಾಶವುಂಟು. ಕನ್ನಡದಲ್ಲೇ ಬರೆಯಿರಿ, ಬೇಡವೆನ್ನುವವರಿಲ್ಲ.