ಇಲಿ ಮಿದುಳಿನ ಟ್ರೇಸ್ ಅಮೈನ್: ಯಾವ ಯಂತ್ರದಲ್ಲಿ ಅಳೆಯೋಣ?
ಕಲಬುರಗಿಯಲ್ಲಿ ಇಲಿ ಮಿದುಳಿನ ಮೇಲೆ ಪಿಎಚ್‌ಡಿ ಶುರು ಮಾಡುವವರೇ, ಯಂತ್ರ ಯಾವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಟ್ರೇಸ್ ಅಮೈನ್ ಅಂದರೆ ಮಿದುಳಿನಲ್ಲಿ ಬಹಳ ಕಡಿಮೆ ಇರುವ ರಾಸಾಯನಿಕಗಳು: ಟೈರಮೈನ್, ಟ್ರಿಪ್ಟಮೈನ್, ಫೀನೈಲ್‌ಈಥೈಲಮೈನ್ ಒಂದು ಗ್ರಾಂ ಮಿದುಳಿನಲ್ಲಿ ಸಿಗುವುದು ಕೆಲವೇ ನ್ಯಾನೋಗ್ರಾಂ ಅಥವಾ ಅದಕ್ಕೂ ಕಡಿಮೆ.

ಡೋಪಮೈನ್ ಅಳೆಯುವ ಎಚ್‌ಪಿಎಲ್‌ಸಿ-ಎಲೆಕ್ಟ್ರೋಕೆಮಿಕಲ್ ಡಿಟೆಕ್ಟರ್ (ದ್ರವದಲ್ಲಿ ಬೇರ್ಪಡಿಸಿ ವಿದ್ಯುತ್ತಿನಿಂದ ಗುರುತಿಸುವ ಯಂತ್ರ) ಅಗ್ಗ, ಆದರೆ ಇಲ್ಲಿ ಅರ್ಧ ಕೆಲಸವಷ್ಟೇ. ಫೀನೈಲ್‌ಈಥೈಲಮೈನ್‌ನ ಉಂಗುರದಲ್ಲಿ ಹೈಡ್ರಾಕ್ಸಿಲ್ ಇಲ್ಲ ಅಲ್ವಾ, ಬೇರೆ ರಾಸಾಯನಿಕ ಜೋಡಿಸದೆ ಅದು ಆ ಡಿಟೆಕ್ಟರ್‌ಗೆ ಕಾಣುವುದೇ ಇಲ್ಲ.

ಜಿಸಿ-ಎಂಎಸ್ (ಆವಿಯಾಗಿಸಿ ಬೇರ್ಪಡಿಸಿ, ಅಣುವಿನ ತೂಕದಿಂದ ಗುರುತಿಸುವ ಯಂತ್ರ) ಹಳೆಯದಾದರೂ ಗಟ್ಟಿ ದಾರಿ. ಪೆಂಟಾಫ್ಲೋರೋಪ್ರೊಪಿಯೋನಿಕ್ ಅನ್‌ಹೈಡ್ರೈಡ್ ಜೊತೆ ಡೆರಿವೇಟೈಸ್ ಮಾಡಬೇಕು, ಅಂದರೆ ಅಮೈನ್‌ಗೆ ಅದನ್ನು ಜೋಡಿಸಿ ಸುಲಭವಾಗಿ ಆವಿಯಾಗುವಂತೆ ಮಾಡಬೇಕು. ತೇವ ತಾಗಿದರೆ ಈ ಅನ್‌ಹೈಡ್ರೈಡ್ ಕೆಡುತ್ತದೆ, ಮಳೆಗಾಲದಲ್ಲಿ ಜಾಸ್ತಿ ಎಚ್ಚರ ಬೇಕು.

ನನ್ನ ಓಟು ಎಲ್‌ಸಿ-ಎಂಎಸ್/ಎಂಎಸ್‌ಗೆ (ದ್ರವದಲ್ಲಿ ಬೇರ್ಪಡಿಸಿ, ಅಣುವನ್ನು ಒಡೆದು ಚೂರಿನ ತೂಕ ನೋಡುವ ಯಂತ್ರ). ಫೀನೈಲ್‌ಈಥೈಲಮೈನ್ ಅಯಾನು 122 ತೂಕದಿಂದ (m/z) 105ಕ್ಕೆ ಒಡೆಯುವುದನ್ನೇ ಅದು ಹಿಡಿಯುತ್ತದೆ. ಮಿದುಳಿನ ಕೊಬ್ಬು, ಉಪ್ಪು ಸಿಗ್ನಲ್ ತಗ್ಗಿಸುತ್ತವೆ. ಅದಕ್ಕೆ ಡ್ಯೂಟೀರಿಯಂ (ಭಾರ ಹೈಡ್ರೋಜನ್) ಇರುವ ಆಂತರಿಕ ಸ್ಟ್ಯಾಂಡರ್ಡ್, ಅಂದರೆ ಗೊತ್ತಿರುವ ಪ್ರಮಾಣದಲ್ಲಿ ಬೆರೆಸುವ ಅದೇ ಅಮೈನ್, ಹೋಲಿಕೆಗಾಗಿ ಹಾಕಲೇಬೇಕು. ದುಬಾರಿ ಅಂತ ಬಿಡಬೇಡಿ.

ಯಂತ್ರ ಯಾವುದೇ ಇರಲಿ, ಸ್ಯಾಂಪಲ್ ಕೆಟ್ಟರೆ ಎಲ್ಲವೂ ಸುಮ್ನೆ. ಮಿದುಳಿನಲ್ಲೇ ಇರುವ ಮೋನೋಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಫೀನೈಲ್‌ಈಥೈಲಮೈನನ್ನು ತುಂಬಾ ಬೇಗ ಒಡೆಯುತ್ತದೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮಿದುಳು ತೆಗೆದ ತಕ್ಷಣ ದ್ರವ ಸಾರಜನಕಕ್ಕೆ ಹಾಕಿ. ಹೊರಗಿನ ಲ್ಯಾಬ್‌ಗೆ ಕಳಿಸುವುದಾದರೆ ಡ್ರೈ ಐಸ್‌ನಲ್ಲೇ ಕಳಿಸಿ.